ಓನ್ ಮ್ಯಾ ಬೈಯದ ಮಳೆಗಾಲ

ಭಿಕ್ಷುಗಳು ಮಳೆವಾಸ ಹಿಡಿಯುವ ಹುಣ್ಣಿಮೆ. ಇನ್ನೂ ಬೆಳಕು ಹರಿದಿರಲಿಲ್ಲ. ಐರಾವತಿಯ ಕಡೆಯಿಂದ ಜಿನುಗು ಮಳೆ ಬೀಸುತ್ತಿತ್ತು. ಬರ್ಮಾದ ಪಕೊಕ್ಕು ಊರಿನ ಧ್ಯಾನಶಾಲೆಯಲ್ಲಿ ಚಾಪೆ ಹಾಸಿ ಕೂತ ಜನರ ನಡುವೆ ಪೋ ತ್ವಿನ್ ಕೂತಲ್ಲೇ ತೂಕಡಿಸುತ್ತಿದ್ದ. ಶೀಲದ ಪ್ರತಿಜ್ಞೆ ತೆಗೆದುಕೊಂಡಾಗಿತ್ತು. ಈಗ ಒಬ್ಬೊಬ್ಬರೇ ಎದ್ದು, ಮಳೆಗಾಲ ಮುಗಿಯುವ ತನಕ ತಾವು ಯಾವ ವ್ರತ ಹಿಡಿಯುತ್ತೇವೆ ಅಂತ ಹೇಳುತ್ತಿದ್ದರು. ಒಬ್ಬರು ಮಾಂಸ ಬಿಟ್ಟರು, ಒಬ್ಬರು ಎಲೆಯಡಿಕೆ ಬಿಟ್ಟರು, ಒಬ್ಬ ಮಹಾರಾಯ ಲಾಟರಿ ಬಿಟ್ಟ. ಪ್ರತಿ ಸಲವೂ ಇಡೀ ಶಾಲೆ "ಸಾಧು, ಸಾಧು, ಸಾಧು" ಅನ್ನುತ್ತಿತ್ತು. ಹಾಗೆ ಅಂದವರಿಗೆ ಆ ಪುಣ್ಯದಲ್ಲಿ ಪಾಲು ಸಿಗುತ್ತದೆ. ಅಂದ ಮೇಲೆ ಅದಕ್ಕೆ ಅಡ್ಡ ಬಂದರೆ ಪಾಪವೂ ಸಿಗುತ್ತದೆ.

ಪೋ ತ್ವಿನ್‌ನ ತಲೆಯಲ್ಲಿ ಆಗ ಸೋರೆಕಾಯಿ ಬಜ್ಜಿ ಇತ್ತು. ಮನೆಗೆ ಹೋದ ಮೇಲೆ ಬಿಸಿ ಬಜ್ಜಿ ಸಿಗುತ್ತದೋ, ಹುಣ್ಣಿಮೆ ಅಂತ ಒಲೆ ಹಚ್ಚುವುದೇ ಇಲ್ಲವೋ ಅಂತ ಯೋಚಿಸುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ಓನ್ ಮ್ಯಾ ಎದ್ದು ನಿಂತು ಏನೋ ಹೇಳಿ ಕೂತಳು. ಎಲ್ಲರಿಗಿಂತ ದೊಡ್ಡ ದನಿಯಲ್ಲಿ "ಸಾಧು" ಅಂದವನು ಪೋ ತ್ವಿನ್.

ವಾಪಸು ಬರುವಾಗ ಪಕ್ಕದ ಮನೆಯ ಬಾ ಚಿಟ್ ಅವನ ಛತ್ರಿಯೊಳಗೆ ತಲೆ ತೂರಿಸಿದ.

"ಗಟ್ಟಿ ಗುಂಡಿಗೆ ಕಣಣ್ಣ ನಿಂದು. ನಾನಾಗಿದ್ರೆ ಅಷ್ಟು ಸಲೀಸಾಗಿ ಸಾಧು ಅಂತಿರಲಿಲ್ಲ."

"ಯಾವುದಕ್ಕೆ?"

"ಯಾವುದಕ್ಕೆ ಅಂತ ಕೇಳ್ತಾನಲ್ಲಪ್ಪ! ಮಳೆಗಾಲ ಮುಗಿಯೋವರೆಗೂ ಅಕ್ಕ ಯಾರಿಗೂ ಒಂದು ಬಿರುಸು ಮಾತು ಆಡಲ್ಲವಂತೆ. ಆಡದೆ ದಾಟಿದ್ರೆ ತಲೆ ಬೋಳಿಸ್ಕೊಂಡು ಸಗಾಯಿಂಗ್ ಬೆಟ್ಟದ ಆಶ್ರಮ ಸೇರ್ತಾಳಂತೆ. ಇನ್ನು ಈ ಕಡೆ ತಿರುಗಿ ಬರೋದಿಲ್ಲವಂತೆ. ನೀನು ಕೇಳಿಸ್ಕೊಳ್ಳಲಿಲ್ವಾ?"

ಪೋ ತ್ವಿನ್‌ನ ಕೈಯಲ್ಲಿದ್ದ ಛತ್ರಿ ಓರೆಯಾಯಿತು. ಮಳೆಯೆಲ್ಲ ಬಾ ಚಿಟ್‌ನ ಕುತ್ತಿಗೆಗೆ ಇಳಿಯಿತು.

ಓನ್ ಮ್ಯಾ ಮನೆಯ ಮುಂಭಾಗದಲ್ಲೇ ಮೊಹಿಂಗಾ ಅಂಗಡಿ ನಡೆಸುತ್ತಿದ್ದಳು. ಮೀನಿನ ಸಾರು, ಅದರಲ್ಲಿ ಬೆಂದ ಬಾಳೆದಿಂಡು, ಅಕ್ಕಿ ಶಾವಿಗೆ, ಮೇಲೆ ಪುಡಿಮಾಡಿದ ಬಜ್ಜಿ. ಊರಿನಲ್ಲಿ ಅಂಥ ಅಂಗಡಿ ಬೇಕಾದಷ್ಟಿದ್ದವು. ಓನ್ ಮ್ಯಾಳ ಅಂಗಡಿಗೆ ಜನ ಬರುತ್ತಿದ್ದುದು ಸಾರಿಗಷ್ಟೇ ಅಲ್ಲ, ಅವಳ ಬಾಯಿಗೂ ಹೌದು. ಸಾರು ಸಪ್ಪೆ ಅಂದವನಿಗೆ, "ನಿನ್ನ ನಾಲಿಗೆ ಮೇಲೆ ಸುಣ್ಣ ಗಾರೆ ಬಳಿದ ಹಾಗೆ ಕೂತಿದೆ, ಕೆರೆದು ಬಾ, ಆಮೇಲೆ ರುಚಿ ಹೇಳು" ಅನ್ನುವಳು. ನಿಧಾನವಾಗಿ ಉಣ್ಣುವವನಿಗೆ, "ಬೇಗ ತಿನ್ನಪ್ಪ, ಆ ಮೀನಿಗೆ ಮೊಮ್ಮಕ್ಕಳು ಹುಟ್ಟಿಯಾವು" ಅನ್ನುವಳು. ಬೈಸಿಕೊಂಡವರು ನಗುತ್ತಾ ಇನ್ನೊಂದು ಬಟ್ಟಲು ಹಾಕಿಸಿಕೊಳ್ಳುವರು.

ಮಕ್ಕಳಿಲ್ಲದ ಮನೆ. ಬೈಗುಳದ ಮುಕ್ಕಾಲು ಪಾಲು ಪೋ ತ್ವಿನ್‌ಗೇ ಬರುತ್ತಿತ್ತು. ಅವನು ಮೊದಲು ದೋಣಿಗಟ್ಟೆಯಲ್ಲಿ ಟಿಕೆಟ್ಟು ಹರಿಯುವ ಕೆಲಸದಲ್ಲಿದ್ದ. ಅದು ಬಿಟ್ಟ ಮೇಲೆ ಅಂಗಡಿಯಲ್ಲಿ ಬಾಳೆದಿಂಡು ಹೆಚ್ಚುತ್ತಾ, ಬಟ್ಟಲು ತೊಳೆಯುತ್ತಾ ಇದ್ದ. "ಏ ಮುದುಕಾ, ಕನ್ನಡಕ ಹುಡುಕ್ತಿದೀಯಾ? ತಲೆ ಮೇಲಿದೆ. ತಲೆ ಹುಡುಕ್ಬೇಡ, ಅದು ಮದುವೆಗೆ ಮೊದಲೇ ಕಳೆದಿತ್ತು." ಅವಳು ಕೂಗಿದಾಗ ಏಳುವುದು, ಅವಳು ಗದರಿದಾಗ ಉಣ್ಣುವುದು, ಅವಳು ಶಪಿಸಿದಾಗ ಮಳೆ ಬಂತು ಅಂತ ಒಣಹಾಕಿದ ಬಟ್ಟೆ ಒಳಗೆ ತರುವುದು. ಗಡಿಯಾರ ಇಲ್ಲದ ಮನೆಯಲ್ಲಿ ಅದೇ ಗಡಿಯಾರ. ಅದು ನಿಂತುಹೋದರೆ ಗತಿಯೇನು ಅಂತ ಅವನು ಯಾವತ್ತೂ ಯೋಚಿಸಿರಲಿಲ್ಲ.

ಅವಳು ಯಾಕೆ ಹೀಗೆ ಮಾಡಿದಳು ಅಂತ ಅವನು ಅಂದೇ ಕೇಳಿದ. ಅವಳು ಬೆಳ್ಳುಳ್ಳಿ ಸುಲಿಯುತ್ತಾ ಹೇಳಿದಳು: "ಬೇಸಿಗೇಲಿ ಸಂತೆ ಬೀದೀಲಿ ಹೋಗ್ತಿದ್ದೆ. ಒಬ್ಬಳು ತಾಯಿ ಮಗೂಗೆ ತುತ್ತು ಹಿಡಿದು, ತಿನ್ನದಿದ್ರೆ ಓನ್ ಮ್ಯಾನ ಕರೀತೀನಿ ನೋಡು ಅಂದಳು. ಮಗು ಗಬಕ್ಕನೆ ಬಾಯಿ ತೆರೀತು. ಅವಳಿಗೆ ನಾನು ಅಲ್ಲೇ ಇದೀನಿ ಅಂತ ಗೊತ್ತಿರಲಿಲ್ಲ." ಒಂದು ಎಸಳು ಪೂರ್ತಿ ಸುಲಿದು ಮುಗಿಸಿದ ಮೇಲೆ ಮತ್ತೆ ಅಂದಳು: "ನನ್ನ ಬಾಯಿ ನನಗೇ ಸಾಕಾಗಿದೆ ರೀ."

'ರೀ' ಅಂದದ್ದು ಕೇಳಿ ಅವನು ಹಿಂದೆ ಇನ್ಯಾರಾದರೂ ಇದ್ದಾರಾ ಅಂತ ತಿರುಗಿ ನೋಡಿದ. ಮದುವೆಯಾದ ವರ್ಷ ಬಿಟ್ಟರೆ ಅವಳು ಅವನನ್ನು ಹಾಗೆ ಕರೆದದ್ದೇ ಇಲ್ಲ.

ಬೇಸಿಗೆಯ ಕೊನೆಯಲ್ಲಿ ಅವಳು ಹತ್ತು ದಿನ ಸಗಾಯಿಂಗ್ ಬೆಟ್ಟದ ಆಶ್ರಮದಲ್ಲಿ ಧ್ಯಾನಕ್ಕೆ ಕೂತು ಬಂದಿದ್ದಳು. ಅಲ್ಲಿನ ಗುರುವಮ್ಮ ಗುಲಾಬಿ ಬಟ್ಟೆಯ, ಬೋಳುತಲೆಯ, ಪುಟ್ಟ ಆಕಾರದ ಹೆಂಗಸು. ಸಿಟ್ಟು ಬಂದರೆ ಅದರ ಮೇಲೆ ಬೀಳಬೇಡ, ಅದರಿಂದ ಓಡಬೇಡ, ಹೆಸರು ಹಿಡಿದು ಕರೆದು ಸುಮ್ಮನೆ ನೋಡು ಅಂತ ಆಕೆ ಕಲಿಸಿದ್ದರು. ಕತ್ತಲಲ್ಲಿ ಬಂದ ಕಳ್ಳನನ್ನು ಹೆಸರು ಹಿಡಿದು ಕರೆದರೆ ಅವನೇ ಜಾಗ ಖಾಲಿ ಮಾಡುತ್ತಾನಂತೆ. ಇದನ್ನೆಲ್ಲ ಮನಸ್ಸಿನಲ್ಲೇ ಮಾಡಬೇಕು. ಆದರೆ ಓನ್ ಮ್ಯಾ ಹುಟ್ಟಿದಾಗಿನಿಂದ ಯಾವುದನ್ನೂ ಮನಸ್ಸಿನಲ್ಲೇ ಮಾಡಿದವಳಲ್ಲ.

ವ್ರತ ಹಿಡಿದ ಮಾರನೆಯ ಬೆಳಗ್ಗೆ ಒಬ್ಬ ಗಿರಾಕಿ, "ಬಜ್ಜಿ ಮೆತ್ತಗಾಗಿದೆ" ಅಂದ. ಓನ್ ಮ್ಯಾ ಸೌಟು ಎತ್ತಿ ಹಿಡಿದು, ಅವನ ಕಣ್ಣಲ್ಲಿ ಕಣ್ಣಿಟ್ಟು, "ಸಿಟ್ಟು... ಸಿಟ್ಟು... ಸಿಟ್ಟು..." ಅಂದಳು. ಅವನು ಬಟ್ಟಲು ಮೆಲ್ಲಗೆ ಕೆಳಗಿಟ್ಟು ಹಿಂದೆ ಹಿಂದೆ ಸರಿಯುತ್ತಾ ಬೀದಿಗಿಳಿದ.

ಮರೆಯಬಾರದು ಅಂತ ಅವಳು ಒಂದು ಹಲಗೆಯನ್ನೂ ತಂದು ಒಲೆಯ ಮೇಲೆ ತೂಗುಹಾಕಿದಳು. ಬಾ ಚಿಟ್‌ನ ಹಿತ್ತಲಿನಲ್ಲಿ ಬಿದ್ದಿದ್ದ ಹಲಗೆ ಅದು. ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಥದಿ' ಅಂತ ಬರೆದಿತ್ತು. ಧ್ಯಾನಶಾಲೆಯಲ್ಲಿ ಥದಿ ಅಂದರೆ ಮನಸ್ಸಿನ ಎಚ್ಚರ. ರಸ್ತೆ ಅಗೆಯುವವರು ಗುಂಡಿಯ ಪಕ್ಕ ನಿಲ್ಲಿಸುವ ಹಲಗೆಯ ಮೇಲೂ ಅದೇ ಮಾತು, ಅಲ್ಲಿ 'ಜೋಕೆ' ಅನ್ನುವ ಅರ್ಥದಲ್ಲಿ. ಇದು ರಸ್ತೆಯ ಹಲಗೆ. ಬಸ್ಸಿಳಿದು ಬಂದ ಹೊಸಬರು ಬಾಗಿಲಲ್ಲೇ ನಿಲ್ಲತೊಡಗಿದರು.

"ಏನಮ್ಮ ಅಪಾಯ? ಮೇಲಿಂದ ಏನಾದ್ರೂ ಬೀಳುತ್ತಾ?"

"ಏನೂ ಬೀಳಲ್ಲ. ಒಳಗೆ ಬನ್ನಿ."

"ಮತ್ತೆ ಸಾರಲ್ಲಿ ಏನಾದ್ರೂ ಇದೆಯಾ?"

"ಸಿಟ್ಟು... ಸಿಟ್ಟು..." ಅನ್ನುವಳು ಓನ್ ಮ್ಯಾ. ಅವರು ಎದುರಿನ ಅಂಗಡಿಗೆ ಹೋಗುವರು.

ಹಳೇ ಗಿರಾಕಿಗಳಿಗೂ ಬೇಸರ ಬಂತು. ಚಪ್ಪಲಿ ಹೊಲಿಯುವ ಮುದುಕನೊಬ್ಬ, ಬೆಳಗಿನ ಬೈಗುಳ ಸಿಗದೆ ತನಗೆ ಎರಡು ದಿನದಿಂದ ಹೊಟ್ಟೆ ಸರಿಯಿಲ್ಲ ಅಂತ ಪೋ ತ್ವಿನ್‌ನ ಹತ್ತಿರ ದೂರು ಹೇಳಿಕೊಂಡ.

ಪೋ ತ್ವಿನ್ ಒಂದು ಸಂಜೆ ಧೈರ್ಯ ಮಾಡಿದ. ಬಾಯಿಬಿಟ್ಟು ಬೇಡ ಅನ್ನುವ ಹಾಗಿರಲಿಲ್ಲ, ಸಾಧು ಅಂದಾಗಿತ್ತು. ಆದರೆ ಮನಸ್ಸಿನಲ್ಲಿದ್ದದ್ದು ಹೇಳಿಕೊಂಡರೆ ಪಾಪವೇನು? ಬರ್ಮಾದವರ ಬಾಯಲ್ಲಿ ಯಾರಾದರೂ ದೂರ ಹೋದಾಗ ಅವರ ನೆನಪಾಗಿ ಕರುಳು ಹಿಂಡಿದರೆ ಅದಕ್ಕೂ 'ಥದಿ ಬರುತ್ತೆ' ಅಂತಲೇ ಅನ್ನುವುದು. ಅವನು ಗಂಟಲು ಸರಿಮಾಡಿಕೊಂಡು ಹೇಳಿದ:

"ಓನ್ ಮ್ಯಾ, ನೀನು ಹೋದ್ರೆ... ನಂಗೆ ಬಹಳ ಥದಿ ಬರುತ್ತೆ."

ಅವಳ ಮುಖ ಅರಳಿತು. "ನಿಜವಾ? ಬರಲಿ ರೀ, ಬರಲಿ! ಹತ್ತು ದಿನ ಬೆನ್ನು ಮುರಿದು ಕೂತ್ರೂ ನನಗೆ ಸರಿಯಾಗಿ ಬರಲಿಲ್ಲ. ನಿಮಗೆ ನಾನು ಹೋದ ತಕ್ಷಣ ಬರುತ್ತೆ ಅಂದ್ರೆ ಎಂಥ ಪುಣ್ಯ ಮಾಡಿದೀರಿ!"

ಅವನು ಹೋಗಿ ಬಾಳೆದಿಂಡು ಹೆಚ್ಚಿದ.

ಉಪಾಯ ಹೇಳಿಕೊಟ್ಟವನು ಬಾ ಚಿಟ್. "ಅಡ್ಡ ಬಂದ್ರೆ ತಾನೇ ಅಣ್ಣ ಪಾಪ? ನೀನು ಅಡ್ಡ ಬರಬೇಡ. ಅವಳಾಗೇ ಒಂದೇ ಒಂದು ಸಲ ಬಾಯಿ ಬಿಟ್ರೆ ಮುಗೀತು. ವ್ರತ ತಾನಾಗೇ ಮುರಿಯುತ್ತೆ."

"ಅವಳು ಯಾಕೆ ಬಿಡ್ತಾಳೆ?"

"ಯಾಕೆ ಬಿಡ್ತಾಳೆ ಅಂತ ನಿನಗೆ ಗೊತ್ತಿಲ್ಲದಿದ್ರೆ ಇನ್ಯಾರಿಗೆ ಗೊತ್ತು? ಇಷ್ಟು ವರ್ಷ ಏನೂ ಯೋಚನೆ ಮಾಡದೇನೇ ಬಿಡಿಸಿದೀಯಲ್ಲ."

ಮೊದಲು ಅವನು ಸೌಟು ಬಚ್ಚಿಟ್ಟ. ಅಕ್ಕಿ ಡಬ್ಬಿಯ ಹಿಂದೆ ಇಟ್ಟು, ಬಾಳೆದಿಂಡಿನ ಮರೆಯಿಂದ ಅವಳ ಮುಖವನ್ನೇ ನೋಡುತ್ತಾ ಕೂತ. ಅವಳು ಹುಡುಕಿದಳು. "ಹುಡುಕಾಟ... ಹುಡುಕಾಟ..." ಅಂದಳು. ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜಲು ಶುರುಮಾಡಿತು. ಎಡ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರಿತು. ಪೋ ತ್ವಿನ್‌ನ ಕತ್ತು ಮುಂದೆ ಚಾಚಿತು. "ಸಿಟ್ಟು... ಸಿಟ್ಟು... ಹೋಯ್ತು." ಹುಬ್ಬು ಇಳಿಯಿತು. ಅವಳು ತೆಂಗಿನ ಚಿಪ್ಪಿಗೆ ಬಿದಿರು ಕಡ್ಡಿ ಚುಚ್ಚಿ ಸಾರು ಬಡಿಸಿದಳು. ಚಿಪ್ಪಿನಿಂದ ಬಡಿಸಿದ್ದಕ್ಕೆ ಸಾರು ಘಮಘಮ ಅನ್ನುತ್ತಿದೆ ಅಂತ ನಾಲ್ಕು ಜನ ಹೊಗಳಿದರು.

ಆಮೇಲೆ ಉಪ್ಪು. ಅವಳು ಬೆನ್ನು ತಿರುಗಿಸಿದಾಗ ಇನ್ನೊಂದು ಹಿಡಿ ಸುರಿದ. ಮೊದಲ ಗಿರಾಕಿಯ ಮುಖ ಒಣಗಿದ ಹುಣಿಸೆಯಂತಾಯಿತು. ಓನ್ ಮ್ಯಾ ರುಚಿ ನೋಡಿದಳು. ಹೆಬ್ಬೆರಳು ಆಯಿತು, ಹುಬ್ಬು ಆಯಿತು, ಆಮೇಲೆ ಕಾಲ ಬೆರಳುಗಳು ಚಪ್ಪಲಿಯನ್ನು ಗಟ್ಟಿಯಾಗಿ ಹಿಡಿದವು. ಇಲ್ಲಿಯವರೆಗೆ ಬಂದದ್ದು ಇದೇ ಮೊದಲು. ಬಾಯಿ ಅರ್ಧ ತೆರೆಯಿತು ಕೂಡ. ತೆರೆದ ಬಾಯಿಂದ ಬಂದದ್ದು, "ಉಪ್ಪು... ಉಪ್ಪು... ರೀ, ಸ್ವಲ್ಪ ನೀರು ತನ್ನಿ." ನೀರು ಬೆರೆಸಿದ ಸಾರು ಹಂಡೆ ತುಂಬಿತು. ಉಳಿದದ್ದನ್ನು ಸಂಜೆಯವರೆಗೆ ಕುಡಿದವನು ಪೋ ತ್ವಿನ್.

ಕರೆಂಟಿನ ಸರದಿಯೂ ಬಂತು. ಆ ಓಣಿಯಲ್ಲಿ ಕರೆಂಟು ಬಂದ ಕೂಡಲೇ "ಬಂತೂ!" ಅಂತ ಎಲ್ಲ ಮನೆಗಳಿಂದಲೂ ಒಂದೇ ಕೂಗು ಏಳುತ್ತಿತ್ತು. ಕೂಗು ಕೇಳಿದವರು ಕೈಯಲ್ಲಿದ್ದ ಮಗುವನ್ನಾದರೂ ಕೆಳಗಿಟ್ಟು ಪಂಪಿನ ಸ್ವಿಚ್ಚಿಗೆ ಓಡಬೇಕು. ತೊಟ್ಟಿ ತುಂಬುವಷ್ಟರಲ್ಲಿ ಅದು ಹೋಗಿರುತ್ತದೆ. ಈ ಮನೆಯಲ್ಲಿ ಓಡುವ ಕೆಲಸ ಪೋ ತ್ವಿನ್‌ನದು. ಅವತ್ತು "ಬಂತೂ!" ಅಂತ ಓಣಿ ಹುಯಿಲಿಟ್ಟಿತು. ಪೋ ತ್ವಿನ್ ಜಗಲಿಯ ಮೇಲೆ ಕಾಲು ಚಾಚಿ ಕೂತೇ ಇದ್ದ.

"ರೀ, ಬಂತಂತೆ."

"ಹೂಂ, ಬರಲಿ."

ಹೋಯಿತು. ಓಣಿಯ ಜನ "ಹೋಯ್ತೂ" ಅಂತ ಉಸಿರುಬಿಟ್ಟರು. ಓನ್ ಮ್ಯಾ ಬಂದು ಅವನ ಎದುರು ನಿಂತಳು. ಹೆಬ್ಬೆರಳು. ಹುಬ್ಬು. ಕಾಲ ಬೆರಳು. ಮೂಗಿನ ಎಡಹೊಳ್ಳೆ ಅರಳಿತು. ಪೋ ತ್ವಿನ್ ಕಣ್ಣು ಮುಚ್ಚಿ ತಲೆ ಬಗ್ಗಿಸಿದ, ಬಿಸಿಲಿಗೆ ಕಾದವನು ಮೊದಲ ಹನಿಗೆ ಮುಖ ಒಡ್ಡುವ ಹಾಗೆ.

"ಸಿಟ್ಟು..." ಅಂತ ಶುರುವಾಯಿತು. ಬಹಳ ಹೊತ್ತು ನಡೆಯಿತು. ಪಕ್ಕದ ಮನೆಯ ಅನ್ನ ಬೆಂದು ಇಳಿಯಿತು. ಕೊನೆಗೆ, "ಪಾಪ, ವಯಸ್ಸಾಯ್ತು ನಿಮಗೆ. ಬಾ ಚಿಟ್‌ನ ಬಾವಿಯಿಂದ ತರೋಣ ಬನ್ನಿ" ಅಂದಳು. ತಂದವನು ಅವನೇ. ಕೊಡ ಹೊತ್ತು ಮೂರು ದಿನ ಸೊಂಟ ಹಿಡಿದುಕೊಂಡಿತು. ಅವಳು ಎಳ್ಳೆಣ್ಣೆ ಹಚ್ಚಿ ತಿಕ್ಕಿದಳು, ಒಂದು ಬೈಗುಳವೂ ಇಲ್ಲದೆ. ಅವನಿಗೆ ಅಳು ಬಂತು. ಎಣ್ಣೆ ಉರಿಯುತ್ತಿದೆ ಅಂದ.

ಕೊನೆಯದಾಗಿ, ಎದುರಿನ ಥಾನ್ ಯಿಯ ಅಂಗಡಿಗೇ ಹೋಗಿ ಕೂತ, ಓನ್ ಮ್ಯಾಳಿಗೆ ಚೆನ್ನಾಗಿ ಕಾಣುವ ಹಾಗೆ. ಎರಡು ಬಟ್ಟಲು ಹಾಕಿಸಿಕೊಂಡ. "ಆಹಾ, ಇದಪ್ಪ ಮೊಹಿಂಗಾ!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದ. ಓಣಿಯ ಜನ ಕೈಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದರು. ಓನ್ ಮ್ಯಾ ಉಟ್ಟ ಬಟ್ಟೆಗೆ ಕೈಯೊರೆಸಿಕೊಳ್ಳುತ್ತಾ ಬೀದಿ ದಾಟಿ ಬಂದಳು. ಥಾನ್ ಯಿ ಹಂಡೆಯ ಹಿಂದೆ ಸರಿದಳು.

"ಥಾನ್ ಯಿ, ಮೀನು ಎಷ್ಟು ಹಾಕ್ತೀಯಮ್ಮ? ನಮ್ಮೆಜಮಾನ್ರು ಇಷ್ಟು ಖುಷಿಯಾಗಿ ತಿಂದದ್ದು ನಾನು ನೋಡೇ ಇಲ್ಲ. ನಾನು ಹೋದ ಮೇಲೆ ದಿನಾ ಎರಡು ಬಟ್ಟಲು ಕೊಟ್ಟುಬಿಡು."

ಪೋ ತ್ವಿನ್‌ಗೆ ಬಾಯಲ್ಲಿದ್ದ ಶಾವಿಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಮಳೆ ಹಿಂದಾಯಿತು. ಮಳೆವಾಸ ಮುಗಿಯುವ ದೀಪದ ಹುಣ್ಣಿಮೆ ಬಂತು. ಓಣಿಯ ಮನೆಮನೆಯಲ್ಲೂ ಹಣತೆ ಜೋಡಿಸುತ್ತಿದ್ದರು. ಗುರುವಮ್ಮ ಸಗಾಯಿಂಗಿನಿಂದ ಬಂದು ಅದೇ ಧ್ಯಾನಶಾಲೆಯಲ್ಲಿ ಕೂತಿದ್ದರು. ಬೆಳಗ್ಗೆ ಎಲ್ಲರೂ ಶೀಲ ತೆಗೆದುಕೊಂಡರು: ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಹೀಗೆ. ಓನ್ ಮ್ಯಾಳ ಮಡಿಲಲ್ಲಿ ಮಡಚಿದ ಗುಲಾಬಿ ಬಟ್ಟೆ ಇತ್ತು. ಪೋ ತ್ವಿನ್ ಅದನ್ನು ನೋಡದಿರಲು ನೆಲದ ಹಲಗೆಯ ಸಂದುಗಳನ್ನು ನೋಡುತ್ತಿದ್ದ.

"ಹೇಗಾಯ್ತಮ್ಮ ಮಳೆಗಾಲ?" ಅಂದರು ಗುರುವಮ್ಮ.

"ಅಮ್ಮ, ಇಂಥ ಮಳೆಗಾಲ ನಾನು ಕಂಡಿಲ್ಲ. ಸೌಟು ಮಾಯವಾಯ್ತು. ಸಾರಿಗೆ ಉಪ್ಪು ತಾನಾಗೇ ಹೆಚ್ಚಾಯ್ತು. ಕರೆಂಟು ಬಂದ್ರೂ ನೀರು ಬರಲಿಲ್ಲ. ಯಾವುದೋ ದೆವ್ವ ನನ್ನ ಪರೀಕ್ಷೆ ಮಾಡ್ತಿದೆ ಅಂದ್ಕೊಂಡೆ. ಆದ್ರೂ ಬಾಯಿಂದ ಒಂದು ಮಾತು ಜಾರಲಿಲ್ಲ."

"ಒಳ್ಳೇದು. ಗಂಡನ ಒಪ್ಪಿಗೆ ಬೇಕಲ್ಲ." ಗುರುವಮ್ಮ ಅವನ ಕಡೆ ತಿರುಗಿದರು. "ನೀನು ಸಾಧು ಅಂದೆಯಂತೆ. ಮನಸಾರೆ ಅಂದೆಯಾ?"

ಪೋ ತ್ವಿನ್ 'ಹೌದು' ಅನ್ನಲು ಬಾಯಿ ತೆರೆದ. ಬೆಳಗ್ಗೆ ತೆಗೆದುಕೊಂಡ ಶೀಲ ಗಂಟಲಿಗೆ ಮೀನುಮುಳ್ಳಿನ ಹಾಗೆ ಅಡ್ಡ ನಿಂತಿತು.

"ಇಲ್ಲಮ್ಮ. ನಾನು ಬಜ್ಜಿ ಯೋಚನೆ ಮಾಡ್ತಿದ್ದೆ. ಇವಳೇನಂದಳೋ ಕೇಳಿಸ್ಕೊಳ್ಳಲಿಲ್ಲ."

ಶಾಲೆಯಲ್ಲಿ ಯಾರೋ ಕಿಸಕ್ಕೆಂದರು.

"ಆಮೇಲೆ ಗೊತ್ತಾದಾಗ?"

"ಗೊತ್ತಾದಾಗ ಎದೆ ಒಡೀತು." ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ. "ಸೌಟು ಬಚ್ಚಿಟ್ಟವನು ನಾನು. ಉಪ್ಪು ಹಾಕಿದವನು ನಾನು. ಪಂಪು ಹಾಕದೆ ಕೂತವನೂ ನಾನೇ. ಥಾನ್ ಯಿಯ ಮೊಹಿಂಗಾ ನನಗೆ ಸೇರೋದಿಲ್ಲ, ಅದರಲ್ಲಿ ಕೆಸರಿನ ವಾಸನೆ. ಇವಳು ಒಂದು ಸಲ ಬೈದಿದ್ರೆ ಸಾಕಿತ್ತು, ಮನೇಲೇ ಉಳೀತಿದ್ದಳು."

ಹೇಳಿ ಮುಗಿಸಿ ಹೆಂಡತಿಯ ಕಡೆ ನೋಡಿದ. ಹೆಬ್ಬೆರಳು. ಹುಬ್ಬು. ಕಾಲ ಬೆರಳು. ಮೂಗಿನ ಎಡಹೊಳ್ಳೆ. ಅದಾದ ಮೇಲೆ ಮೂರು ತಿಂಗಳಲ್ಲಿ ಅವನು ಒಮ್ಮೆಯೂ ಕಾಣದ ಬಲಹೊಳ್ಳೆ. ಅವನು ಕೈ ಜೋಡಿಸಿದ.

"ಸಿಟ್ಟು..." ಅಂದಳು ಓನ್ ಮ್ಯಾ. "ಸಿಟ್ಟು... ಸಿ... ಏ ಮುದುಕಾ!"

ಮಾಡಿನಲ್ಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. "ಉಪ್ಪು ಹಾಕಿದೆಯಾ? ನನ್ನ ಸಾರಿಗೆ? ನಿನ್ನ ಕೈಗೆ ಬಾಳೆದಿಂಡು ಕೊಟ್ಟದ್ದೇ ತಪ್ಪು, ನಿನ್ನ ತಲೇಲೂ ಅದರಲ್ಲೂ ಇರೋದು ಬರೀ ನಾರು, ನೀರು! ನಾನಿಲ್ಲಿ ದೆವ್ವ ಅಂದ್ಕೊಂಡು ಮೂಲೆಮೂಲೆಗೆ ಹೂವಿಡ್ತಿದ್ರೆ ದೆವ್ವ ಜಗಲಿ ಮೇಲೆ ಕಾಲು ಚಾಚಿ ಕೂತಿತ್ತು! ಸೊಂಟ ತಿಕ್ಕಿದೆನಲ್ಲೋ ನಿನಗೆ! ಎಳ್ಳೆಣ್ಣೇಲಿ!" ಸೌಟಿಗೆ ಒಂದಿಷ್ಟು, ಉಪ್ಪಿಗೆ ಒಂದಿಷ್ಟು, ನೀರಿಗೆ ಒಂದಿಷ್ಟು ಬಂತು. ಅಷ್ಟರಲ್ಲಿ ಓಣಿಯ ಜನ ಕಿಟಕಿಗಳಿಗೆ ಜೋತುಬಿದ್ದಿದ್ದರು. ಚಪ್ಪಲಿ ಹೊಲಿಯುವ ಮುದುಕ ಕಣ್ಣೊರೆಸಿಕೊಂಡ. ಪೋ ತ್ವಿನ್ ಜೋಡಿಸಿದ ಕೈ ಇಳಿಸದೆ, ತಲೆ ಬಗ್ಗಿಸಿ, ಒಂದು ಮಾತೂ ಬಿಡದೆ ಕೇಳಿದ.

ಅವಳು ಉಸಿರೆಳೆದುಕೊಳ್ಳಲು ನಿಂತಾಗ ಗುರುವಮ್ಮ ಕೇಳಿದರು: "ಮುಗೀತಾ?"

"ಇನ್ನೂ ಸ್ವಲ್ಪ ಇದೆಯಮ್ಮ."

"ಅದನ್ನೂ ಹೇಳಿಬಿಡು."

ಹೇಳಿದಳು. ಆಮೇಲೆ ಧೊಪ್ಪನೆ ಕೂತು, ಗುಲಾಬಿ ಬಟ್ಟೆಯಲ್ಲೇ ಮುಖ ಒರೆಸಿಕೊಂಡಳು. "ಹೋಯ್ತು. ಇಷ್ಟು ದಿನ ಕಚ್ಚಿ ಹಿಡಿದದ್ದೆಲ್ಲ ಹೋಯ್ತು. ಇವತ್ತಿನ ಒಂದು ಹಗಲು ಉಳಿದಿತ್ತು."

"ಇಷ್ಟು ದಿನ ಹಿಡಿದದ್ದು ಎಲ್ಲಿಗೂ ಹೋಗಲ್ಲ," ಅಂದರು ಗುರುವಮ್ಮ. "ಬೆಟ್ಟದ ಮೇಲೆ ನಿನ್ನ ಸೌಟು ಬಚ್ಚಿಡೋರು ಯಾರೂ ಇಲ್ಲ. ಅಲ್ಲಿ ನೀನು ಕಲಿಯೋದು ಏನಿದೆ? ಮನೇಲೇ ಇರು. ನಾಳೆ ಬೆಳಗ್ಗೆಯಿಂದ ಮತ್ತೆ ಶುರುಮಾಡು." ಆಮೇಲೆ ಪೋ ತ್ವಿನ್‌ನನ್ನು ಕೇಳಿದರು: "ಅವಳು ಬಾಯಿ ಬಿಡೋ ಮೊದಲೇ ನೀನು ಕೈ ಜೋಡಿಸಿದೆ. ಹೇಗೆ ಗೊತ್ತಾಯ್ತು?"

ಅವನು ಹೆಬ್ಬೆರಳಿನಿಂದ ಹಿಡಿದು ಒಂದೊಂದಾಗಿ ಹೇಳಿದ. ಓನ್ ಮ್ಯಾ ತನ್ನ ಹೆಬ್ಬೆರಳನ್ನು ತಾನೇ ನೋಡಿಕೊಂಡಳು, ಇನ್ಯಾರದೋ ಅನ್ನುವಂತೆ.

"ಅಷ್ಟು ಹತ್ತಿರದಿಂದ ನೋಡಿದೀಯಾ! ನಿನ್ನ ಉಸಿರು ಹುಟ್ಟಿದಾಗಿಂದ ನಿನ್ನ ಮೂಗಿನ ತುದೀಲೇ ಓಡಾಡ್ತಿದೆ. ಅದನ್ನ ಒಂದು ದಿನವಾದ್ರೂ ನೋಡಿದೀಯಾ?"

"ಇಲ್ಲಮ್ಮ," ಅಂದ ಪೋ ತ್ವಿನ್. "ಅದು ಯಾರಿಗೂ ಬೈಯೋದಿಲ್ಲವಲ್ಲ."

ಗುರುವಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು. ನೀರು ಕುಡಿದು, "ಇವನನ್ನ ಹತ್ತು ದಿನ ನನ್ನ ಹತ್ತಿರ ಕಳಿಸಮ್ಮ" ಅಂದರು.

"ನಾನಾ? ನಾನು ಯಾಕಮ್ಮ? ನನಗೆ ಸಿಟ್ಟೇ ಬರೋದಿಲ್ಲ!"

"ಬರೋದಿಲ್ಲ, ಬೇರೆಯವರಿಗೆ ಬರಿಸ್ತೀಯ," ಅಂದಳು ಓನ್ ಮ್ಯಾ. "ಹೋಗ್ತೀಯ. ಹತ್ತು ದಿನ ಬಾಯಿ ಮುಚ್ಚಿ ಕೂತ್ಕೋತೀಯ. ಅಲ್ಲಿ ಮಧ್ಯಾಹ್ನ ಆದ ಮೇಲೆ ಅನ್ನ ಕೊಡಲ್ಲ, ಗೊತ್ತಿರಲಿ. ಬಜ್ಜಿ ಅಂತೂ ಇಲ್ಲವೇ ಇಲ್ಲ."

ಆ ರಾತ್ರಿ ಹಣತೆ ಹಚ್ಚುವಾಗಲೂ ಬೈದಳು, ಚೀಲ ತುಂಬುವಾಗಲೂ ಬೈದಳು. ಎರಡು ಮಾತಿಗೊಮ್ಮೆ ನಿಂತು "ಸಿಟ್ಟು" ಅಂತ ಮೆಲ್ಲಗೆ ಹೇಳಿಕೊಂಡು, ಮತ್ತೆ ಮುಂದುವರಿಸುತ್ತಿದ್ದಳು. ಚೀಲದಲ್ಲಿ ಎರಡು ಲುಂಗಿ, ಕಂಬಳಿ, ಸೊಂಟಕ್ಕೆ ಎಳ್ಳೆಣ್ಣೆ ಇಟ್ಟಳು. ನಾಲ್ಕು ದಿನ ಹೀಗೇ ಕಳೆಯಿತು. ಮನೆ ಮತ್ತೆ ಮನೆಯಾಗಿತ್ತು, ಅವನಿಗೆ ಹೊರಡುವ ಮನಸ್ಸೇ ಇರಲಿಲ್ಲ.

ಬಸ್ಸು ನಿಲ್ಲುವಲ್ಲಿಗೆ ಅವಳೇ ಚೀಲ ಹೊತ್ತು ಬಂದಳು. ಅವನು ಕಿಟಕಿಯಿಂದ ಇಣುಕಿದ.

"ಓನ್ ಮ್ಯಾ, ನಾನು ಬರೋವರೆಗೆ ಪಂಪಿಗೆ ಯಾರು ಓಡ್ತಾರೆ?"

"ಬಾ ಚಿಟ್ ಓಡ್ತಾನೆ. ನಿನಗೆ ಉಪಾಯ ಹೇಳಿಕೊಟ್ಟದ್ದು ಅವನೇ ಅಂತ ನಿನ್ನೆ ಅವನ ಬಾಯಿಂದಲೇ ಕಕ್ಕಿಸಿದೀನಿ. ಹತ್ತು ದಿನ ಓಡ್ತಾನೆ." ಆಮೇಲೆ ಬೇರೆ ಕಡೆ ನೋಡುತ್ತಾ ಅಂದಳು: "ಹನ್ನೊಂದನೇ ದಿನ ಸೋರೆಕಾಯಿ ಬಜ್ಜಿ ಮಾಡಿರ್ತೀನಿ. ತಡಮಾಡಿದ್ರೆ ನಾಯಿಗೆ ಹಾಕ್ತೀನಿ."

ಬುಧವಾರ ಮಧ್ಯಾಹ್ನದ ಮೇಲಿನ ಹೊತ್ತು ರಾಹುವಿನದು ಅಂತ ಆ ಕಡೆ ಹೆಚ್ಚಿನವರು ಪ್ರಯಾಣ ಹೊರಡುವುದಿಲ್ಲ. ಬಸ್ಸು ಅರ್ಧ ಖಾಲಿ ಇತ್ತು. ದೀಪದ ಹುಣ್ಣಿಮೆ ಕಳೆದ ಮೇಲಿನ ಮೊದಲ ಬುಧವಾರ, ಮಧ್ಯಾಹ್ನದ ಮೇಲೆ, ರಾಹುವಿಗಿಂತ ಹೆಂಡತಿಗೇ ಹೆಚ್ಚು ಹೆದರಿ, ಪೋ ತ್ವಿನ್ ಸಗಾಯಿಂಗಿಗೆ ಹೋದ.